ಜಾಕ್ ಹಾಕದ ಸಾಲು

ಗ್ಯಾರೇಜಿನಲ್ಲಿ ಅವನಿಗೆ ಪಟಾಕಿ ಎಂದೇ ಹೆಸರು. ಬೋಲ್ಟು ಹಟ ಹಿಡಿದರೆ ಸ್ಪ್ಯಾನರನ್ನೇ ಗೋಡೆಗೆ ಎಸೆಯುವ ಆಸಾಮಿ. ಅಂಥವನು ಈಗ ಅಡುಗೆಮನೆಯ ಕಿಟಕಿ ಪಕ್ಕ ಕ್ರೋಶಾ ಕಡ್ಡಿ ಹಿಡಿದು ಬೆವರುತ್ತ ಕೂತಿದ್ದ.

ಕಾರಣ ಅಜ್ಜಿಯ ಬಲಗೈ. ಆ ಮನೆಯ ಮಕ್ಕಳೆಲ್ಲ ಅಜ್ಜಿ ಹೆಣೆದ ಕಂಬಳಿಯಲ್ಲೇ ಮಲಗಿ ಬೆಳೆದವರು. ಅಕ್ಕನ ಕೂಸಿಗೆಂದು ಹಳದಿ ಉಣ್ಣೆಯ ಕಂಬಳಿ ಅರ್ಧಕ್ಕೆ ಬಂದಿತ್ತು, ಅಷ್ಟರಲ್ಲಿ ಅಜ್ಜಿ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಳು. ಹೆರಿಗೆಯಾಗಿ ಆಸ್ಪತ್ರೆಯಲ್ಲಿದ್ದ ಅಕ್ಕ ಫೋನಿನಲ್ಲಿ ಅತ್ತಾಗ, "ನಾನು ಮುಗಿಸ್ತೀನಿ, ನೀನು ಸುಮ್ನೆ ಮಗು ಎತ್ಕೊಂಡು ಬಾ" ಎಂದು ಮಾತು ಕೊಟ್ಟವನು ಇವನೇ. ಇವತ್ತು ಸಂಜೆ ಅವಳು ಬರುವವಳು.

"ಕುಣಿಕೆಯೊಳಗೆ ಕಡ್ಡಿ ತೂರಿಸು. ದಾರ ಸುತ್ತಿ ಎಳ್ಕೋ. ಈಗ ಕಡ್ಡಿ ಮೇಲೆ ಎರಡಿವೆ ಅಲ್ವಾ? ಮತ್ತೆ ಸುತ್ತು, ಎರಡರಿಂದಲೂ ಎಳೆದುಬಿಡು" ಎಂದು ಅಜ್ಜಿ ಹೇಳಿಕೊಟ್ಟಿದ್ದಳು. "ಸಾಲು ಮುಗಿದ್ರೆ ಕಂಬಳಿ ತಿರುಗಿಸಿ ವಾಪಸ್ ಬಾ. ಮೆಲ್ಲಗೆ ಕಣೋ, ದಾರ ಅದು, ನಟ್ಟಲ್ಲ. ಕತ್ತು ಹಿಸುಕಬೇಡ."

ಅವನು ಹಲ್ಲು ಕಚ್ಚಿ ಸಾಲಿನ ಮೇಲೆ ಸಾಲು ಹೆಣೆದ. ಮಧ್ಯಾಹ್ನ ಹೆಮ್ಮೆಯಿಂದ ಎತ್ತಿ ಹಿಡಿದು ತೋರಿಸಿದ. ಅಜ್ಜಿ ನೋಡಿದಳು. ನಗುವಿಗೆ ಅವಳ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಪ್ಲಾಸ್ಟರು ಹಾಕಿದ ಕೈಯೂ. ಅವಳ ಸಾಲುಗಳಿದ್ದ ಕಡೆ ಅಗಲ, ಇವನದು ಶುರುವಾದಲ್ಲಿಂದ ಬರಬರುತ್ತ ಸಣ್ಣ.

"ಕಂಬಳಿ ಮಾಡೋ ಅಂದ್ರೆ ಬಾಟಲಿ ಮಾಡಿದ್ದೀಯ. ಮುಚ್ಚಳ ಎಲ್ಲಿ?"

ಪಟಾಕಿಗೆ ಕಿಡಿ ತಗುಲಿತು. ಕಡ್ಡಿ ಎಸೆಯಲು ಕೈ ಮೇಲೆತ್ತಿದ.

"ಎಸೆ. ಹುಡುಕೋನೂ ನೀನೇ" ಎಂದಳು ಅಜ್ಜಿ, ನಗು ನಿಲ್ಲಿಸದೆ. "ಮೊದಲು ಇದು ಹೇಳು. ಜಾಕ್ ಹಾಕದೆ ಕಾರಿನ ಚಕ್ರ ಬಿಚ್ತೀಯಾ?"

"ತಲೆ ಕೆಟ್ಟಿದೆಯಾ ನಂಗೆ?"

"ಮತ್ತೆ ಇದಕ್ಕೆ ಯಾಕೆ ಹಾಕಿಲ್ಲ? ಸಾಲು ತುದಿಗೆ ಬಂದಾಗ ಒಂದು ಸರಪಳಿ ಕುಣಿಕೆ ಏರಿಸ್ಬೇಕು. ಆಗ ಅಂಚು ಮೇಲೇಳುತ್ತೆ, ಆಮೇಲೆ ತಿರುಗಿಸೋದು. ಕೊನೇ ಕುಣಿಕೆ ಮೂಲೇಲಿ ನಾಚ್ಕೊಂಡು ಕೂತಿರುತ್ತೆ, ಅದನ್ನೂ ಮಾತಾಡಿಸ್ಬೇಕು. ನೀನು ಎಲ್ಲಾ ಸಾಲಲ್ಲೂ ಅದನ್ನ ನುಂಗಿ ನೀರು ಕುಡಿದಿದ್ದೀಯ."

ಎತ್ತಿದ ಕೈ ಇಳಿಯಿತು. ಜಾಕ್ ಅಂದ ಮೇಲೆ ಅರ್ಥವಾಗದೆ ಇರುತ್ತದೆಯೇ? ಇದನ್ನು ಮೊದಲೇ ಹೇಳಬಾರದಿತ್ತೇ ಈ ಮುದುಕಿ!

"ಬಿಚ್ಚು" ಎಂದಳು ಅಜ್ಜಿ.

ದಾರದ ತುದಿ ಹಿಡಿದು ಎಳೆದ. ಸಾಲುಗಳು ಸರಸರನೆ ಬಿಚ್ಚಿಕೊಂಡವು. ಗ್ಯಾರೇಜಿನಲ್ಲಿ ಯಾವ ಬೋಲ್ಟೂ ಅವನಿಗೆ ಇಷ್ಟು ಸಲೀಸಾಗಿ ಬಿಚ್ಚಿಕೊಂಡಿರಲಿಲ್ಲ. ಅವನಿಗೇ ನಗು ಬಂತು. ಮತ್ತೆ ಶುರು ಮಾಡಿದ. ಸಾಲಿನ ತುದಿಯಲ್ಲಿ "ಜಾಕ್" ಎಂದು ಗೊಣಗುತ್ತ, ಒಂದು ಏರಿಸಿ, ತಿರುಗಿಸಿ. ಅಂಚು ನೆಟ್ಟಗೆ ನಿಂತಿತು. ಬೆರಳುಗಳ ಬಿಗಿ ಯಾವಾಗ ಸಡಿಲವಾಯಿತೋ ಅವನಿಗೆ ತಿಳಿಯಲೇ ಇಲ್ಲ.

ಆದರೆ ಅಕ್ಕ ಬಾಗಿಲು ತಟ್ಟುವ ಹೊತ್ತಿಗೆ ಇನ್ನೂ ಒಂದೆರಡು ಸಾಲು ಉಳಿದೇ ಇತ್ತು. ಅವನ ಮುಖ ಕಪ್ಪಿಟ್ಟಿತು. ಅಕ್ಕ ಕಂಬಳಿ ನೋಡಿದಳು, ತಮ್ಮನ ಮುಖವನ್ನೂ ನೋಡಿದಳು. ಕಡ್ಡಿ, ದಾರದ ಉಂಡೆ ಸಮೇತ ಅದನ್ನು ಎಳೆದುಕೊಂಡು ಮಗುವಿಗೆ ಸುತ್ತಿ ಮಡಿಲಲ್ಲಿ ಮಲಗಿಸಿಕೊಂಡಳು. ಮುಗಿಯದ ಅಂಚನ್ನು ಮಾತ್ರ ಮೇಲಕ್ಕೆತ್ತಿ ಹಿಡಿದಳು.

"ಹೂಂ, ಮುಗಿಸು."

ಅವನು ಅಕ್ಕನ ಬಲಗಡೆ ಮಂಡಿಯೂರಿ ಒಂದು ಸಾಲು ಮುಗಿಸಿದ. ಈಗ ಕಂಬಳಿ ತಿರುಗಿಸಬೇಕು. ತಿರುಗಿಸಿದರೆ ಮಗು ಎದ್ದೀತು. ಕಡ್ಡಿಯನ್ನು ಹಾಗೇ ಹಿಡಿದು, ಉಂಡೆಯನ್ನು ಕಂಕುಳಲ್ಲಿ ಇರುಕಿಕೊಂಡು, ತಾನೇ ಅಕ್ಕನನ್ನು ಬಳಸಿಕೊಂಡು ಆ ಕಡೆಗೆ ಹೋಗಿ ಕೂತ.

"ಕಂಬಳಿ ತಿರುಗಿಸು ಅಂದ್ರೆ ಇವನೇ ತಿರುಗ್ತಾನಲ್ಲೇ" ಎಂದಳು ಅಜ್ಜಿ. ಅಕ್ಕ ನಗು ತಡೆಯಲಾರದೆ ತುಟಿ ಕಚ್ಚಿಕೊಂಡಳು.

"ಜಾಕ್ ಹಾಕಿದೆಯೇನೋ?"

"ಹಾಕಿದೆ ಅಜ್ಜಿ" ಎಂದು ಪಟಾಕಿ ಪಿಸುಗುಟ್ಟಿದ. "ಮೆಲ್ಲಗೆ ಮಾತಾಡು, ಮಲಗಿದೆ."