ಜೋಡಿ ಕಾಯಿ

"ಊಹೂಂ, ಇದ್ರಾಗೆ ಇನ್ನೂ ನೀರಾಡ್ತೈತೆ."

ಹೊಂಬಾಳಮ್ಮ ಕೈಯಲ್ಲಿದ್ದ ತೆಂಗಿನಕಾಯನ್ನು ಅಟ್ಟದ ಮೂಲೆಗೆ ಉರುಳಿಸಿ, ಇನ್ನೊಂದನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ಒಣಗಿದ ಕೊಬ್ಬರಿ ಗಡಗಡ ಎಂದಿತು. ಕೊಬ್ಬರಿಗೆಂದು ವರ್ಷದಿಂದ ಬಿದ್ದಿದ್ದ ಆ ರಾಶಿಯಲ್ಲಿ ಅವಳಿಗೆ ಬೇಕಾಗಿದ್ದದ್ದು ಎರಡೇ. ಮಟ್ಟೆ ಸುಲಿಯದ, ಹತ್ತಿಯಂತೆ ಹಗುರಾದ, ಹನಿ ನೀರಿಲ್ಲದ ಎರಡು.

ಕೆಳಗೆ ಏಣಿ ಹಿಡಿದಿದ್ದ ಮೊಮ್ಮಗಳು ಪುಟ್ಟಗಂಗ ಕೂಗಿದಳು, "ಅಜ್ಜೀ, ಕಾಯಿ ಯಾಕೆ? ಚಟ್ನಿಗಾ?"

"ಹೂಂ, ನಿನ್ನೇ ಹಾಕಿ ರುಬ್ತೀನಿ. ಏಣಿ ಗಟ್ಟಿಯಾಗಿ ಹಿಡ್ಕಳೇ."

ಜಗಲಿಯಲ್ಲಿ ಕೂತಿದ್ದ ದೊಡ್ಡರಂಗಯ್ಯ ಹೆಂಡತಿಯ ಕೈಯಲ್ಲಿದ್ದ ಕಾಯಿಗಳನ್ನು ಕಂಡು ಬೀಡಿ ಹಚ್ಚುವುದನ್ನು ಮರೆತ. ಕೊತ್ತಗೆರೆಯಲ್ಲಿ ಅರ್ಧ ಊರಿಗೆ ಈಜು ಕಲಿಸಿದವನು ಅವನೇ. ಎರಡು ಒಣಕಾಯಿ ಜೋಡಿಸಿ ಹೊಟ್ಟೆಗೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು ತೋಟದ ಬಾವಿಗೆ ದೂಡುತ್ತಿದ್ದ. ಸೊಸೈಟಿ ಸೆಕ್ರೆಟರಿಯಿಂದ ಹಿಡಿದು ಕುಣಿಗಲ್ ಬಸ್ಸಿನ ಕಂಡಕ್ಟರ್‌ವರೆಗೆ ಎಲ್ಲರೂ ಆ ಬಾವಿಯ ನೀರು ಕುಡಿದು ಕೆಮ್ಮಿದವರೇ. ಕಲಿಯದೆ ಉಳಿದವಳು ಅವನ ಮಗಳು ಉಮಾಮಹೇಶ್ವರಿ.

ಅವಳು ಹುಟ್ಟಿದಾಗ ಗುಬ್ಬಿ ಕಡೆಯ ಜೋಯಿಸರೊಬ್ಬರು, "ಮಗೀಗೆ ನೀರಿನ ಗಂಡಾಂತರ ಐತೆ," ಎಂದುಬಿಟ್ಟಿದ್ದರು. ಹೊಂಬಾಳಮ್ಮ ಅಂದೇ ಗಂಡನ ಕೈಯನ್ನು ಕೂಸಿನ ತಲೆಯ ಮೇಲಿಡಿಸಿ, ಬಾವಿಗೆ ಇಳಿಸುವುದಿಲ್ಲವೆಂದು ಆಣೆ ಹಾಕಿಸಿಕೊಂಡಳು. ಮಗಳನ್ನು ಬಾವಿಕಟ್ಟೆ ತುಳಿಯಲೂ ಬಿಡಲಿಲ್ಲ. ತಲೆಗೆ ನೀರೆರೆಯುವಾಗ ಚೊಂಬಿಗೊಂದು ಸಲ ದೇವರ ಹೆಸರು ಹೇಳಿದಳು. ಅಷ್ಟು ಕಾದು ಮಾರ್ಕೋನಹಳ್ಳಿ ಕಡೆಗೆ ಮದುವೆ ಮಾಡಿಕೊಟ್ಟರು. ಹೋದ ಕಾರ್ತೀಕದಲ್ಲಿ ಬಟ್ಟೆ ಒಗೆಯಲು ಹೋದ ಉಮಾಮಹೇಶ್ವರಿ ಕಾಲುವೆಯ ಪಾಚಿಯ ಮೇಲೆ ಕಾಲಿಟ್ಟಳು. ಎದೆಮಟ್ಟದ ನೀರು.

ಸಾವಿನ ಮನೆಗೆ ಬಂದವರೆಲ್ಲ, "ಜೋಯಿಸ್ರು ಅಂದಂಗೇ ಆತು ನೋಡು," ಎಂದರು. ದೊಡ್ಡರಂಗಯ್ಯ ಮಾತ್ರ, "ಒಂದೀಟು ಕೈಕಾಲು ಆಡ್ಸಕ್ಕೆ ಬಂದಿದ್ರೆ..." ಎಂದು ಶುರುಮಾಡಿ, ಹೆಂಡತಿಯ ಮುಖ ನೋಡಿ ಸುಮ್ಮನಾಗಿದ್ದ. ಆಮೇಲೆ ಅವನು ಬಾವಿಗೆ ಇಳಿದಿರಲಿಲ್ಲ.

"ಎದ್ದೇಳಿ," ಎಂದಳು ಹೊಂಬಾಳಮ್ಮ. "ಬಾವಿಗೆ ಇಳೀಬೇಕು."

"ಯಾರು?"

"ನಿಮ್ಮ ಮೊಮ್ಮಗಳು."

"ತಲೆ ಮುಟ್ಟಿಸಿ ಆಣೆ ಹಾಕಿಸ್ಕೊಂಡೋಳು ನೀನೇ ಕಣೇ."

"ಅದು ಅವಳ ತಲೆ." ಹೊಂಬಾಳಮ್ಮ ಕಾಯಿಗಳನ್ನು ಅವನ ಮುಂದೆ ಇಟ್ಟಳು. "ಆ ತಲೆ ಈಗ ಎಲ್ಲೈತೆ?"

ಅವನು ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡ. "ಇವ್ಳ ಜಾತಕ..."

"ಯಾರನ್ನೂ ಕೇಳಿಲ್ಲ, ಕೇಳೋದೂ ಇಲ್ಲ. ರಜಾ ಮುಗೀತಿದ್ದಂಗೆ ಅವ್ರಪ್ಪ ಬಂದು ಕರ್ಕೊಂಡೋಗ್ತಾನೆ. ಮನೆ ಹಿಂದ್ಲೇ ಕಾಲ್ವೆ. ಅಲ್ಲಿ ನಾನು ಕಾಯ್ಕೊಂಡು ಕೂತಿರಕ್ಕಾಯ್ತದಾ?"

ದೊಡ್ಡರಂಗಯ್ಯ ಕಾಯಿಗಳನ್ನು ತೆಗೆದುಕೊಂಡು ಒಂದೊಂದನ್ನೇ ಅಲ್ಲಾಡಿಸಿ ನೋಡಿದ. ಒಂದೊಂದರ ಮಟ್ಟೆಯಿಂದಲೂ ಒಂದು ಸೀಳು ನಾರೆಬ್ಬಿಸಿ ಎರಡನ್ನೂ ಸೇರಿಸಿ ಗಂಟು ಹಾಕಿದ. ಬೆರಳುಗಳು ಮರೆತಿರಲಿಲ್ಲ, ಆದರೂ ಗಂಟನ್ನು ಎರಡು ಸಲ ಬಿಚ್ಚಿ ಕಟ್ಟಿದ.

ಬಾವಿಯ ಮೆಟ್ಟಿಲಲ್ಲಿ ಪುಟ್ಟಗಂಗ ಅಜ್ಜಿಯ ಸೀರೆ ಬಿಡಲೊಲ್ಲಳು. "ಅವ್ವ ಹೋದಂಗೆ ನಾನೂ ಹೋಗ್ತೀನಾ?"

ತಾತ ಎದೆಯುದ್ದ ನೀರಿಗಿಳಿದು ಕೈಚಾಚಿದ. "ಬಾ ಮಗಾ, ಕಾಯಿ ಮ್ಯಾಲೆ ಮಲಕ್ಕೋ. ಕಪ್ಪೆ ಒದ್ದಂಗೆ ಒದಿ. ಅಗೋ, ನಿಮ್ಮಜ್ಜಿ ಹಗ್ಗ ಹಿಡ್ದವ್ಳೆ. ಯಮ ಬಂದು ಎಳೆದ್ರೂ ಬುಡೋಳಲ್ಲ ಅವ್ಳು."

ಬುಳುಕ್ಕೆಂದು ಮಗುವಿನ ತಲೆ ಮುಳುಗಿ ಎದ್ದಿತು. ಹೊಂಬಾಳಮ್ಮ ಜೀವ ಹೋದವಳಂತೆ ಹಗ್ಗ ಜಗ್ಗಿದಳು.

"ಸಡಿಲ ಬುಡೇ! ಹಂಗೆ ಜಗ್ಗಿದ್ರೆ ಮಗ ಮುಂದಕ್ಕೆ ಹೋಗೋದೆಂಗೆ?"

ಅಂದು ಅವಳು ಬಿಟ್ಟದ್ದು ಒಂದು ಗೇಣು. ಮರುದಿನ ಒಂದು ಮೊಳ. ಬೇಸಿಗೆ ಇಳಿಯುತ್ತ ಬಂದಂತೆ ಪುಟ್ಟಗಂಗ ಕೆಮ್ಮುವುದನ್ನು ಬಿಟ್ಟು ನಗತೊಡಗಿದಳು. "ಈಜು ಬಂತು ಅಂತ ಒಬ್ಳೇ ಇಳಿದ್ಯೋ, ಕಾಲು ಮುರೀತೀನಿ," ಎಂದು ತಾತ ದಿನವೂ ಗದರಿದ. ಅವಳು ದಿನವೂ, "ಆಯ್ತು ಕಣ್ ತಾತ," ಎಂದಳು.

ಅಳಿಯ ಬರುವ ಹಿಂದಿನ ದಿನ ದೊಡ್ಡರಂಗಯ್ಯ ಮಗುವಿನ ಹೊಟ್ಟೆಯಿಂದ ಕಾಯಿಯನ್ನೂ ಸೊಂಟದಿಂದ ಹಗ್ಗವನ್ನೂ ಬಿಚ್ಚಿದ. ಹಗ್ಗದ ತುದಿಗೆ ಕಾಯಿಗಳನ್ನೇ ಸಿಕ್ಕಿಸಿ ಪಕ್ಕಕ್ಕೆ ತಳ್ಳಿದ. ಪುಟ್ಟಗಂಗ ಬಾವಿಯನ್ನು ಆ ಗೋಡೆಯಿಂದ ಈ ಗೋಡೆಗೆ ದಾಟಿ, "ಅಜ್ಜೀ, ನೋಡ್ದಾ?" ಎಂದು ಕೂಗಿದಳು. ಮೇಲೆ ಬಂದು, ತಾತನ ಟವೆಲು ಹೊದ್ದು, ಹಸಿವು ಎನ್ನುತ್ತ ಅವನ ಜೊತೆ ಮನೆಯ ಕಡೆ ಓಡಿದಳು.

ಹೊಂಬಾಳಮ್ಮ ಕೆಳಗಿನ ಮೆಟ್ಟಿಲಲ್ಲೇ ಕೂತಿದ್ದಳು. ಹಗ್ಗ ಇನ್ನೂ ಮುಂಗೈಗೆ ಸುತ್ತಿಕೊಂಡಿತ್ತು. ಬಾವಿಯ ನಡುವೆ ಜೋಡಿ ಕಾಯಿ ಒಂದಕ್ಕೊಂದು ತಾಗುತ್ತ ತೇಲುತ್ತಿದ್ದವು. ಅವಳು ಅವನ್ನು ಗೇಣುಗೇಣಾಗಿ, ಎಲ್ಲೂ ಜಗ್ಗದೆ, ದಡಕ್ಕೆ ಎಳೆದುಕೊಂಡಳು. ಎತ್ತಿ ಮಡಿಲಲ್ಲಿಟ್ಟುಕೊಂಡು, ಸೆರಗಿನಿಂದ ಒರೆಸತೊಡಗಿದಳು.