ಐದನೆಯ ರಿವಿಟ್

ನನ್ನ ಭಾವ ಯಾವ ವಸ್ತುವನ್ನೂ ಬರಿಯ ಕಣ್ಣಿನಿಂದ ನೋಡಿ ಬಿಟ್ಟವರಲ್ಲ. ತೋರುಬೆರಳಿನ ಉಗುರಿನಿಂದ ಅದನ್ನೊಮ್ಮೆ ಟಕ್ ಎಂದು ಬಡಿದು, ತಲೆಯನ್ನು ಎಡಕ್ಕೆ ವಾಲಿಸಿ, ಆ ಸದ್ದು ಪೂರ್ತಿ ಅಡಗುವವರೆಗೆ ಕಿವಿಗೊಟ್ಟು ನಿಂತ ಮೇಲೆಯೇ ಅವರ ಪಾಲಿಗೆ ಆ ವಸ್ತು ಲೋಕದಲ್ಲಿ ಇದೆ ಎಂದು ಖಾತ್ರಿಯಾಗುವುದು. ಬಸ್ಸಿನ ಸೀಟಿನ ಬೆನ್ನು, ಬ್ಯಾಂಕಿನ ಕೌಂಟರು, ನೆಂಟರ ಮನೆಯ ನೀರಿನ ಡ್ರಮ್ಮು, ಯಾವುದಕ್ಕೂ ವಿನಾಯಿತಿ ಇಲ್ಲ. ಒಮ್ಮೆ ರಸ್ತೆ ದಾಟುವಾಗ ಸಿಗ್ನಲ್ಲಿನಲ್ಲಿ ನಿಂತಿದ್ದ ಬೈಕ್ ಸವಾರನೊಬ್ಬನ ಹೆಲ್ಮೆಟ್ಟನ್ನು, ಒಳಗೊಂದು ತಲೆಯಿದೆ ಎಂಬುದನ್ನು ಮರೆತು, ಬಡಿದುಬಿಟ್ಟರು. ಆತ ಮುಖದ ಗಾಜು ಮೇಲೆತ್ತಿ ಬೈಯಲು ಬಾಯಿ ತೆರೆದರೆ ಇವರು ಅತ್ಯಂತ ಗಂಭೀರವಾಗಿ, "ಮಾಲು ಒಳ್ಳೇದಿದೆ. ಅಂಚು ಮಾತ್ರ ಸರಿಯಾಗಿ ಉಜ್ಜಿಲ್ಲ" ಎಂದರಂತೆ. ಜೊತೆಗಿದ್ದ ನನ್ನ ಅಕ್ಕ ಆಮೇಲೆ ತಿಂಗಳುಗಟ್ಟಲೆ ಆ ರಸ್ತೆಗೆ ಕಾಲಿಡಲಿಲ್ಲ.

ಭಾವ ದಂತವೈದ್ಯರಲ್ಲ, ದಂತವೈದ್ಯರಿಗೆ ಹಲ್ಲು ಕಟ್ಟಿಕೊಡುವವರು. ಪೇಟೆಯ ಹಿಂಬೀದಿಯ ಮಹಡಿಯೊಂದರ ಒಂಟಿ ಕಿಟಕಿಯ ಲ್ಯಾಬಿನಲ್ಲಿ ಕುಳಿತು, ವೈದ್ಯರು ಕಳಿಸಿದ ಅಳತೆಗೆ ಮೇಣದಲ್ಲಿ ಹಲ್ಲು ಕೂರಿಸಿ, ಪ್ಲಾಸ್ಟರಿನ ಅಚ್ಚು ತೆಗೆದು, ಅಕ್ರಿಲಿಕ್ ತುಂಬಿ ಬೇಯಿಸಿ, ಉಜ್ಜಿ, ಹೊಳಪಿಟ್ಟು, ಪುಟ್ಟ ಡಬ್ಬಿಯಲ್ಲಿ ಹಾಕಿ ಕಳಿಸುವ ಕಾಯಕವನ್ನು ಇಪ್ಪತ್ತೊಂಬತ್ತು ವರ್ಷಗಳಿಂದ ಮಾಡಿಕೊಂಡು ಬಂದಿದ್ದಾರೆ. ಊರಿನ ಎಷ್ಟೋ ಜನ ಅವರು ಕಟ್ಟಿದ ಹಲ್ಲಿನಿಂದ ಅಗಿಯುತ್ತಾರೆ, ನಗುತ್ತಾರೆ, ಜಗಳ ಕಾಯುತ್ತಾರೆ. ಅವರಲ್ಲಿ ಒಬ್ಬರಿಗೂ ಇವರ ಮುಖದ ಪರಿಚಯವಿಲ್ಲ. ಬೋರ್ಡಿನ ಮೇಲಿರುವುದು ವೈದ್ಯರ ಹೆಸರು. ಭಾವನ ಬಿಳಿಕೋಟಿನ ಬಲಜೇಬು ಸದಾ ಜೋತುಬಿದ್ದಿರುತ್ತದೆ, ಏಕೆಂದರೆ ಅದರಲ್ಲಿ ಒಂದು ಕೈವಾರ, ಒಂದು ಉಜ್ಜುಕಾಗದದ ಮಡಿಕೆ, ಬೀಗದ ಕೈಗೊಂಚಲಿನಂತೆ ಪೋಣಿಸಿದ ಹದಿನಾರು ಮಾದರಿ ಹಲ್ಲುಗಳು ಇರುತ್ತವೆ. ಬಿಳುಪಿನಲ್ಲಿ ಹದಿನಾರು ಬಗೆಯುಂಟು ಎಂಬುದು ಅವರನ್ನು ನೋಡುವವರೆಗೆ ನನಗೆ ತಿಳಿದಿರಲಿಲ್ಲ.

ಈ ಕೆಲಸದಲ್ಲಿ ಅವರದೊಂದು ಗುಟ್ಟಿದೆ. ಪೂರ್ತಿ ಸೆಟ್ಟು ಕಟ್ಟುವಾಗ ಮೇಲಿನ ಸಾಲಿನ ಎಡಗಡೆ, ನಡುವಿನಿಂದ ಎರಡನೆಯ ಹಲ್ಲನ್ನು ಕೂದಲೆಳೆಯಷ್ಟು ತಿರುಗಿಸಿ ಕೂರಿಸುತ್ತಾರೆ. ಯಾಕೆಂದು ಕೇಳಿದ್ದಕ್ಕೆ, "ಸಾಲಾಗಿ ನಿಂತ ಹಲ್ಲನ್ನ ಯಾರೂ ನಂಬಲ್ಲ ಕಣಯ್ಯ" ಎಂದಿದ್ದರು. ಸೈಕಲ್ಲಿನಿಂದ ಬಿದ್ದು ನಾನು ಕಳೆದುಕೊಂಡ ಮುಂದಿನ ಹಲ್ಲನ್ನು ಕಟ್ಟಿಕೊಟ್ಟವರೂ ಅವರೇ. ಅದು ಕಟ್ಟಿಸಿದ್ದೆಂದು ನನ್ನ ಹೆಂಡತಿಗೆ ಗೊತ್ತಾದದ್ದು ಮದುವೆಯಾದ ಎರಡು ವರ್ಷಗಳ ಮೇಲೆ, ಅದೂ ನಾನೇ ಬಾಯಿಬಿಟ್ಟದ್ದರಿಂದ.

ಇಂಥ ಮನುಷ್ಯ ಒಂಬತ್ತು ವರ್ಷ, ದಿನಾ ಬೆಳಗಿನ ಐದರಿಂದ ಎಂಟರವರೆಗೆ, ಮನೆಯ ಹಿಂದಿನ ಬಟ್ಟೆ ಒಗೆಯುವ ಜಾಗದಲ್ಲಿ ಕುಳಿತು ಅಂತರಿಕ್ಷಯಾನಿಯ ಉಡುಪೊಂದನ್ನು ಮಾಡಿದರು. ನಲವತ್ತು ವರ್ಷಗಳ ಹಿಂದೆ ವಾರಕ್ಕೊಮ್ಮೆ ಟೀವಿಯಲ್ಲಿ ಬರುತ್ತಿದ್ದ, ನಕ್ಷತ್ರಗಳ ನಡುವೆ ದಾರಿತಪ್ಪಿದ ಹಡಗಿನ ಕಥೆಯುಳ್ಳ ಹದಿಮೂರು ಕಂತಿನ ಧಾರಾವಾಹಿಯೊಂದರ ಉಡುಪು ಅದು. ಆಗಿನ ಹುಡುಗರೆಲ್ಲ ಕ್ಯಾಪ್ಟನ್ ಆಗಬೇಕೆಂದು ಕನಸು ಕಂಡರೆ ಭಾವನ ಕಣ್ಣು ಬಿದ್ದದ್ದು ಮೂಲೆಯಲ್ಲಿ ಎಡಗಾಲು ಎಳೆಯುತ್ತ ನಡೆಯುವ ಮೆಕ್ಯಾನಿಕ್ಕನ ಮೇಲೆ. ಹದಿಮೂರು ಕಂತುಗಳಲ್ಲಿ ಅವನದು ಒಟ್ಟು ಒಂಬತ್ತು ಮಾತು. ಉಳಿದ ಹೊತ್ತೆಲ್ಲ ಕೊಳವೆಗಳೊಳಗೆ ತೆವಳಿ ಸೋರಿಕೆ ಮುಚ್ಚುತ್ತಿರುತ್ತಾನೆ. "ಕ್ಯಾಪ್ಟನ್ ಭಾಷಣ ಮಾಡ್ತಿದ್ದ. ಹಡಗು ಓಡ್ತಿದ್ದದ್ದು ಇವನಿಂದ" ಎಂಬುದು ಭಾವನ ವಾದ. ಧಾರಾವಾಹಿ ಮುಗಿದ ಮೇಲೆ ನಿಜವಾದ ಉಡುಪುಗಳೆಲ್ಲ ಗುಜರಿಗೆ ಹೋದವು. ಉಳಿದದ್ದು ಬಣ್ಣಗೆಟ್ಟ ಟೇಪು ಮಾತ್ರ.

ತೆರೆಯಲ್ಲಿ ಕಂಡದ್ದನ್ನು ಕಂಡ ಹಾಗೆಯೇ ಮಾಡಬೇಕು, ಅದಕ್ಕಿಂತ ಕಡಿಮೆಯೂ ಇಲ್ಲ, ಹೆಚ್ಚೂ ಇಲ್ಲ: ಇದೇ ಅವರ ವ್ರತ. ಟೇಪನ್ನು ಚಿತ್ರ ಚಿತ್ರವಾಗಿ ನಿಲ್ಲಿಸಿ, ಟೀವಿಯ ಗಾಜಿನ ಮೇಲೆ ಕೈವಾರವಿಟ್ಟು ಅಳೆದರು. ತಮ್ಮದೇ ಎದೆಯ ಪ್ಲಾಸ್ಟರಿನ ಅಚ್ಚು ತೆಗೆದು, ಡ್ರಮ್ಮಿನ ಪ್ಲಾಸ್ಟಿಕ್ಕನ್ನು ಕಾಯಿಸಿ ಅದರ ಮೇಲೆ ಬಾಗಿಸಿದರು. ಶಿರಸ್ತ್ರಾಣದ ಕಿವಿಯ ಜಾಲರಿ ಯಾವುದರಿಂದ ಮಾಡಿದ್ದೆಂದು ಒಂದು ವರ್ಷ ತಲೆ ಕೆಡಿಸಿಕೊಂಡು, ಒಂದು ದಿನ ಅಡುಗೆಮನೆಯಲ್ಲಿ ಟಕ್ ಎನಿಸಿ ನಿಂತುಬಿಟ್ಟರು.

"ನನ್ನ ಟೀ ಜಾಲರಿ ಎಲ್ರೀ?" ಎಂದು ಅಕ್ಕ ಮರುದಿನ ಬೆಳಿಗ್ಗೆ ಕೂಗಿದರೆ, ಒಗೆಯುವ ಜಾಗದಿಂದ ಶಾಂತವಾದ ಉತ್ತರ ಬಂತು: "ಅದು ಕಿವಿ ಆಗಿದೆ."

ಬಣ್ಣದ ವಿಚಾರವನ್ನಂತೂ ಹೇಳದೆ ಬಿಡಲಾರೆ. ಹಳೆಯ ಟೇಪಿನಲ್ಲಿ ಎಲ್ಲವೂ ಹಳದಿಗೆ ತಿರುಗಿರುತ್ತದೆ; ಉಡುಪಿನ ನಿಜವಾದ ಬಣ್ಣ ಯಾವುದೆಂದು ಹೇಳುವವರಾರು? ಭಾವ ಮೆಕ್ಯಾನಿಕ್ಕಿನ ಪಾತ್ರಧಾರಿ ನಗುವ ಏಕೈಕ ದೃಶ್ಯವನ್ನು ನಿಲ್ಲಿಸಿ, ಆ ವಯಸ್ಸಿಗೆ, ಬೀಡಿ ಸೇದಿದ ಆ ಬಾಯಿಗೆ ಇರಬೇಕಾದ ಬಿಳುಪನ್ನು ತಮ್ಮ ಗೊಂಚಲಿನಿಂದ ಆರಿಸಿ ಪಕ್ಕಕ್ಕೆ ಹಿಡಿದರು. ಟೇಪು ಎಷ್ಟು ಹಳದಿಯನ್ನು ಸೇರಿಸಿದೆ ಎಂದು ಹಲ್ಲಿನಿಂದ ಲೆಕ್ಕ ಹಾಕಿ, ಅಷ್ಟನ್ನು ಉಡುಪಿನಿಂದ ಕಳೆದರು. ಸಿಕ್ಕಿದ್ದು ಎಲ್ಲರೂ ಅಂದುಕೊಂಡಿದ್ದ ಬೆಳ್ಳಿಯಲ್ಲ, ಹಸಿರು ಛಾಯೆಯ ಮಂಕು ಬೂದು. ಜಗತ್ತಿನಲ್ಲಿ ಇನ್ನಾರಿಗಾದರೂ ಈ ಉಪಾಯ ಹೊಳೆದೀತೇ ಎಂದು ನಾನು ಇಂದಿಗೂ ಬೆರಗಾಗುತ್ತೇನೆ.

ಇನ್ನು ಆ ರಿವಿಟ್ ಮೊಳೆ. ಏಳನೆಯ ಕಂತಿನಲ್ಲಿ ಮೆಕ್ಯಾನಿಕ್ ಕೊಳವೆಯಿಂದ ಹೊರಬರುವಾಗ ಕ್ಯಾಮೆರಾ ಎರಡು ಸೆಕೆಂಡು ಅವನ ಎದೆಯ ಹತ್ತಿರ ಹಾಯುತ್ತದೆ. ಎದೆಕವಚದ ಏಳು ರಿವಿಟ್ಟುಗಳಲ್ಲಿ ಐದನೆಯದು ಅರ್ಧ ಅಕ್ಕಿಕಾಳಿನಷ್ಟು ಕೆಳಗಿದೆ. ಅದರ ಮೇಲೆ, ಮೊದಲು ತಪ್ಪಾಗಿ ಕೊರೆದು ಆಮೇಲೆ ಮೆತ್ತಿ ಮುಚ್ಚಿದ ತೂತಿನ ಗುರುತಿದೆ. ಅದನ್ನು ನನಗೆ ತೋರಿಸಿದ ದಿನ ಭಾವನ ದನಿ ತಗ್ಗಿತ್ತು.

"ನೋಡು, ಇಲ್ಲಿ ಯಾರದೋ ಕೈ ಜಾರಿದೆ. ಪಾಪ, ಶೂಟಿಂಗಿಗೆ ಹೊತ್ತಾಗಿರಬೇಕು, ಯಜಮಾನ ಬೈತಿರಬೇಕು. ಮುಚ್ಚಿ, ಕೆಳಗೆ ಇನ್ನೊಂದು ಹೊಡೆದಿದ್ದಾನೆ. ಹದಿಮೂರು ಕಂತಿನ ಕೊನೇಲೂ ಹೆಸರುಗಳನ್ನ ಓದಿದ್ದೀನಿ. ಉಡುಪು ಮಾಡಿದವರ ಹೆಸರು ಎಲ್ಲೂ ಇಲ್ಲ. ಅವನದು ಅಂತ ಇರೋದು ಇದೊಂದೇ."

ಅವರೂ ಮೊದಲು ತಪ್ಪು ಜಾಗದಲ್ಲೊಂದು ತೂತು ಕೊರೆದು, ಮೆತ್ತಿ ಮುಚ್ಚಿ, ಅರ್ಧ ಅಕ್ಕಿಕಾಳು ಕೆಳಗೆ ಇನ್ನೊಂದು ಕೊರೆದರು. ಆ ತಪ್ಪು ಸರಿಯಾಗಿ ಬರಲು ನಾಲ್ಕು ಕವಚಗಳು ಹಾಳಾದವು.

ನೆಂಟರಿಷ್ಟರು ಆಡಿಕೊಂಡದ್ದಕ್ಕೆ ಮಿತಿಯಿಲ್ಲ. ತನ್ನ ಕಾರನ್ನು ಭಾನುವಾರವಿಡೀ ಒರೆಸುತ್ತ, ಅದರ ಮೇಲೆ ಎಲೆ ಬಿದ್ದರೂ ಮುಖ ಕಿವುಚುವ ನನ್ನ ದೊಡ್ಡಪ್ಪನ ಮಗ, "ನಿಮ್ಮ ಭಾವಂಗೆ ಸ್ವಲ್ಪ ಸ್ಕ್ರೂ ಲೂಸಾ?" ಎಂದು ನನ್ನನ್ನೇ ಕೇಳಿದ. ಯಾರೋ ಮಾಡಿದ ಕಾರನ್ನು ಒರೆಸುವವನು ಜಾಣ, ತನ್ನ ಕೈಯಿಂದ ಒಂದನ್ನು ಮಾಡುವವನು ಹುಚ್ಚ! ನನ್ನ ಮೈಯೆಲ್ಲ ಉರಿದುಹೋಯಿತು. ಭಾವನಿಗೆ ಹೇಳಿದರೆ ಅವರು, "ಅದಿರಲಿ, ಅವನ ಕಾರಿನ ಬಾಗಿಲಿನ ಅಂಚು ನೋಡಿದ್ಯಾ? ಒಂದು ಕಡೆ ಎದ್ದಿದೆ" ಎಂದರು.

ಹೋದ ವರ್ಷ ಆ ಧಾರಾವಾಹಿಗೆ ನಲವತ್ತು ತುಂಬಿತೆಂದು, ಅದು ತಯಾರಾದ ಹಳೆಯ ಸ್ಟುಡಿಯೊದಲ್ಲಿ ಅಭಿಮಾನಿಗಳ ಮೇಳವೊಂದು ನಡೆಯಿತು. 'ತೆರೆಯಲ್ಲಿ ಕಂಡಂತೆ' ಎಂಬ ಸ್ಪರ್ಧೆ. ಗೆದ್ದ ಉಡುಪನ್ನು ಸ್ಟುಡಿಯೊದ ಹಜಾರದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಶಾಶ್ವತವಾಗಿ ಇಡುವುದಾಗಿ ಸಾರಿದ್ದರು. ಭಾವ ಜೀವನದಲ್ಲಿ ಏನನ್ನಾದರೂ ಬಾಯಿಬಿಟ್ಟು ಬಯಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಅದೇ ಕಟ್ಟಡದಲ್ಲಿ ಮಾಡಿದ್ದು ಕಣಯ್ಯ. ಅವನ ಕೆಲಸ ಅಲ್ಲಿಗೇ ವಾಪಸ್ ಹೋಗತ್ತೆ" ಎಂದರು. ಒಂಬತ್ತು ವರ್ಷಗಳಲ್ಲಿ ಅಚ್ಚು ಬೆಳೆದಿರಲಿಲ್ಲ, ಹೊಟ್ಟೆ ಬೆಳೆದಿತ್ತು. ಕವಚವನ್ನು ಹಿಗ್ಗಿಸಿದರೆ ಅಳತೆ ತಪ್ಪೀತೆಂದು ಮೂರು ತಿಂಗಳು ರಾತ್ರಿಯೂಟ ಬಿಟ್ಟು ಹೊಟ್ಟೆಯನ್ನೇ ಇಳಿಸಿದರು.

ಅಂದು ಅವರು ಆ ಬೂದು ಉಡುಪು ತೊಟ್ಟು, ಶಿರಸ್ತ್ರಾಣವನ್ನು ಕಂಕುಳಲ್ಲಿ ಹಿಡಿದು, ಎಡಗಾಲನ್ನು ಕೊಂಚ ಎಳೆಯುತ್ತ ಸಭಾಂಗಣದೊಳಗೆ ನಡೆದು ಬಂದಾಗ, ಒಂಬತ್ತು ವರ್ಷ ಸಿಡಿಮಿಡಿಗುಟ್ಟಿದ್ದ ಅಕ್ಕನ ಕಣ್ಣು ತುಂಬಿತ್ತು. ಮೂವರು ತೀರ್ಪುಗಾರರಲ್ಲಿ ಮುಖ್ಯರಾದವರು ವೇಷಭೂಷಣ ಬಾಡಿಗೆಗೆ ಕೊಡುವ ದೊಡ್ಡ ಅಂಗಡಿಯ ಯಜಮಾನರು; ಅಗಲ ಮುಖ, ಧಾರಾಳವಾದ ನಗು. ಅವರ ಕೈಯಲ್ಲಿ ಹೋಲಿಸಿ ನೋಡಲೆಂದು ಒಂದು ಚಿತ್ರವಿತ್ತು. ನಾನು ಇಣುಕಿ ನೋಡಿದೆ. ಅದು ಧಾರಾವಾಹಿಯ ಪೋಸ್ಟರು!

ತೆರೆಯಲ್ಲಿ ಕಂಡಂತೆ ಎಂಬ ಸ್ಪರ್ಧೆಯನ್ನು ಗೋಡೆಗೆ ಅಂಟಿಸುವ ಪೋಸ್ಟರು ನೋಡಿ ತೀರ್ಮಾನಿಸುವ ಈ ಘನ ಪಂಡಿತರನ್ನು ಏನೆಂದು ಕರೆಯಬೇಕೋ ನನಗೆ ತಿಳಿಯದು. ಆ ಪೋಸ್ಟರು ಬರೆದಾಗ ಉಡುಪು ಇನ್ನೂ ತಯಾರೇ ಆಗಿರಲಿಲ್ಲ. ಬರೆದವನು ತನ್ನ ಮನಸ್ಸಿಗೆ ಬಂದಂತೆ ಬೆಳ್ಳಿ ಬಣ್ಣ ಬಳಿದು, ರಿವಿಟ್ಟುಗಳನ್ನು ಗೆರೆ ಎಳೆದ ಹಾಗೆ ಚುಕ್ಕಿ ಇಟ್ಟಿದ್ದ.

"ಕೆಲಸ ಚೆನ್ನಾಗಿದೆ ಸ್ವಾಮಿ," ಎಂದರು ಮುಖ್ಯರು, "ಆದ್ರೆ ಬಣ್ಣ ತಪ್ಪಿದೆ. ಈ ಮೊಳೆ ನೋಡಿ, ಸೊಟ್ಟ. ಫಿನಿಶಿಂಗ್ ಬೇಕಲ್ವಾ?"

ಭಾವ ಏಳನೆಯ ಕಂತನ್ನು ಮೊಬೈಲಿನಲ್ಲಿ ಸಿದ್ಧವಾಗಿಟ್ಟುಕೊಂಡಿದ್ದರು. "ಎರಡೇ ಸೆಕೆಂಡ್ ನೋಡಿ ಸಾರ್."

"ಎಲ್ಲರದ್ದೂ ನೋಡ್ತಾ ಕೂತ್ರೆ ನಮ್ಗೆ ಟೈಮೆಲ್ಲಿದೆ? ಒಂದ್ಕೆಲ್ಸ ಮಾಡಿ. ಕೊನೇ ಸುತ್ತು ಎರಡು ಗಂಟೆಗೆ. ಅಷ್ಟರಲ್ಲಿ ಆ ಮೊಳೆ ನೆಟ್ಟಗೆ ಮಾಡಿ, ಮೇಲೊಂದು ಕೋಟ್ ಬೆಳ್ಳಿ ಹೊಡೀರಿ. ಗೆದ್ದ ಹಾಗೇ." ಹಾಗೆಂದು ಬಾಯ್ತುಂಬ ನಕ್ಕರು. ಒಂಬತ್ತು ವರ್ಷ ದುಡಿದವನಿಗೆ ಎರಡು ಸೆಕೆಂಡು ಕೊಡಲಾರದ ಆ ನಗುವನ್ನು ಕಂಡು ನನ್ನ ಮುಷ್ಟಿ ಬಿಗಿಯಿತು. ಭಾವ ಮಾತ್ರ ತಲೆ ವಾಲಿಸಿ ಅವರ ಬಾಯನ್ನೇ ನೋಡುತ್ತ ನಿಂತಿದ್ದರು. ಸಿಟ್ಟು ನುಂಗುತ್ತಿದ್ದಾರೆ ಎಂದುಕೊಂಡೆ.

ಮುಂದಿನದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಅಕ್ಕ ಓಡಿಹೋಗಿ ಮೇಳದ ಮಳಿಗೆಯೊಂದರಿಂದ ಬೆಳ್ಳಿ ಸ್ಪ್ರೇ ಡಬ್ಬಿ ಕೊಂಡು ತಂದಳು. ನಾನು ಭಾವನ ಚೀಲದಿಂದ ಡ್ರಿಲ್ಲು ತೆಗೆದು ಅವರ ಕೈಗಿಟ್ಟೆ. "ಹತ್ತು ನಿಮಿಷದ ಕೆಲಸ ರೀ, ನನಗೋಸ್ಕರ" ಎಂದು ಅಕ್ಕ ಗೋಗರೆದಳು. ನಾನೂ ದನಿಗೂಡಿಸಿದೆ: "ಒಂದು ಮೊಳೆ ಭಾವ. ಯಾರು ನೋಡಿದ್ದಾರೆ?"

ಭಾವ ಡ್ರಿಲ್ಲನ್ನು ಕೈಯಲ್ಲಿ ಹಿಡಿದು ಎದೆಯ ಕಡೆ ಒಮ್ಮೆ ನೋಡಿಕೊಂಡರು. ಗಾಜಿನ ಪೆಟ್ಟಿಗೆ ಹತ್ತು ಹೆಜ್ಜೆಯಾಚೆ ಖಾಲಿಯಾಗಿ ನಿಂತಿತ್ತು. ಅವರಿಗೆ ಆಸೆಯಾಗಲಿಲ್ಲ ಎಂದರೆ ಅದು ಸುಳ್ಳು. ಡ್ರಿಲ್ಲಿನ ತುದಿ ಆ ಮೊಳೆಯವರೆಗೆ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಮೇಲೆ ಅದನ್ನು ಚೀಲದೊಳಗಿಟ್ಟು ಜಿಪ್ಪು ಎಳೆದರು.

"ನಾನು ನೋಡಿದ್ನಲ್ಲ" ಎಂದರು.

ಗೆದ್ದದ್ದು ಪೋಸ್ಟರಿನಿಂದ ಇಳಿದು ಬಂದಂತೆ ಥಳಥಳಿಸುವ ಬೆಳ್ಳಿಯ ಉಡುಪು. ಅದನ್ನು ತೊಟ್ಟ ಹುಡುಗಿಯ ಮೇಲೆ ನನಗೆ ಕಿಂಚಿತ್ತೂ ಸಿಟ್ಟಿಲ್ಲ. ಪೋಸ್ಟರನ್ನೇ ನಂಬಿ ಶ್ರದ್ಧೆಯಿಂದ ಹೊಲಿದಿದ್ದಳು. ಭಾವ ಹೋಗಿ ಅವಳ ಕವಚವನ್ನು ಬಡಿದು ಕೇಳಿ, "ಅಂಚು ಬಹಳ ಚೆನ್ನಾಗಿ ಉಜ್ಜಿದ್ದೀಯಮ್ಮ" ಎಂದು ಮೆಚ್ಚಿಯೂ ಬಂದರು. ನನ್ನ ಸಿಟ್ಟಿರುವುದು ನೋಡಬೇಕಾದ ಜಾಗದಲ್ಲಿ ಕೂತು ನೋಡದವರ ಮೇಲೆ. ಈಗ ಆ ಹಜಾರಕ್ಕೆ ಬರುವ ಮಕ್ಕಳೆಲ್ಲ ಮೆಕ್ಯಾನಿಕ್ ಬೆಳ್ಳಿ ತೊಟ್ಟಿದ್ದನೆಂದೇ ನಂಬಿ ಹೋಗುತ್ತಾರೆ.

ಮನೆಗೆ ಮರಳುವಾಗ ಬಸ್ಸಿನಲ್ಲಿ ಅರ್ಧ ದಾರಿ ಕಳೆದ ಮೇಲೆ ಭಾವ ಕಿಟಕಿಯ ಕಡೆ ಮುಖಮಾಡಿಯೇ ಹೇಳಿದರು: "ಆ ಯಜಮಾನರ ಹಲ್ಲು ನಂದೇ. ನಾಲ್ಕು ವರ್ಷ ಆಗಿರಬೇಕು. ಎಡಗಡೆಯದು ಚೆನ್ನಾಗಿ ಕೂತಿದೆ."

"ಅಲ್ಲೇ ಹೇಳಬಾರದಿತ್ತಾ!" ಎಂದು ನಾನು ಕೂಗಿಬಿಟ್ಟೆ. ಸೊಟ್ಟ ಮೊಳೆಯನ್ನು ಹೀಗಳೆದ ಬಾಯಲ್ಲೇ ಇವರು ತಿರುಗಿಸಿಟ್ಟ ಹಲ್ಲು ಹೊಳೆಯುತ್ತಿತ್ತು ಎಂಬುದನ್ನು ನೆನೆದರೆ ನನಗೆ ಈಗಲೂ ಕುದಿಯುತ್ತದೆ.

"ಹೇಳಬಾರದು," ಎಂದರು ಭಾವ, "ಕಟ್ಟಿದ ಹಲ್ಲು ಅಂತ ನಾಲ್ಕು ಜನರ ಮುಂದೆ ಹೇಳಿದ್ರೆ ಅವರು ಮತ್ತೆ ಹಾಗೆ ನಗ್ತಾರೇನಯ್ಯ?"

ಉಡುಪು ಈಗ ಅವರ ಮನೆಯ ನಡುಕೋಣೆಯಲ್ಲಿದೆ. ತಂದಿಟ್ಟವಳು ಅಕ್ಕ, ಬೆಳ್ಳಿ ಸ್ಪ್ರೇಯನ್ನು ಅಡುಗೆಮನೆಯ ಕಬ್ಬಿಣದ ಸ್ಟೂಲಿಗೆ ಹೊಡೆದು ಮುಗಿಸಿದಳು. ಬಂದವರು ಯಾರಾದರೂ ಎದೆಯ ಮೇಲೆ ಬೆರಳಿಟ್ಟು, "ಇದೊಂದು ಸೊಟ್ಟ ಆಗಿದೆಯಲ್ಲ" ಎಂದರೆ, "ಕೈ ತೆಗೀರಿ, ಅದು ಹಾಗೇ ಇರಬೇಕು" ಎಂದು ಅವರ ಮೇಲೆ ಹರಿಹಾಯುತ್ತಾಳೆ.

ಲೋಕದಲ್ಲಿ ಇಂಥವರ ಒಂದು ಪಂಗಡವೇ ಇದೆ. ಅವರ ಹೆಸರು ಯಾವ ಪಟ್ಟಿಯ ಕೊನೆಯಲ್ಲೂ ಬರುವುದಿಲ್ಲ. ಹೆಸರಿಲ್ಲದ ಇನ್ನೊಬ್ಬನ ಕೈಯ ಗುರುತನ್ನು ಅವರು ಎರಡು ಸೆಕೆಂಡಿನಲ್ಲಿ ಹಿಡಿಯುತ್ತಾರೆ, ಅದನ್ನು ಕಾಯುವುದಕ್ಕೆ ಒಂಬತ್ತು ವರ್ಷ ಸವೆಸುತ್ತಾರೆ. ಯಾರೂ ನೋಡುವುದಿಲ್ಲವೆಂದು ಖಚಿತವಾಗಿ ತಿಳಿದ ಜಾಗದಲ್ಲೇ ಅವರ ಕೈ ಹೆಚ್ಚು ಹೊತ್ತು ನಿಲ್ಲುತ್ತದೆ. ನಾವು ಅವರನ್ನು ಹುಚ್ಚರೆನ್ನುತ್ತೇವೆ, ಸ್ಕ್ರೂ ಲೂಸೆನ್ನುತ್ತೇವೆ, ಯಾರು ನೋಡುತ್ತಾರೆ ಎನ್ನುತ್ತೇವೆ. ಅವರು ಕಟ್ಟಿಕೊಟ್ಟ ಹಲ್ಲು ಬಾಯಲ್ಲಿಟ್ಟುಕೊಂಡೇ ಅವರನ್ನು ನೋಡಿ ನಗುತ್ತೇವೆ. ಆ ನಗು ಸಹಜವಾಗಿ ಕಾಣುವಂತೆ ನೋಡಿಕೊಂಡವರೂ ಅವರೇ.