ಗಂಟು ಕಡಿಮೆಯಾದ ಮೆತ್ತೆ

ಜೈತುನಬಿಗೆ ಬೇರೇನೂ ಬೇಕಿರಲಿಲ್ಲ. ನಿಂತು ನಮಾಜು ಮಾಡಬೇಕು, ಅಷ್ಟೇ. ಸಕ್ಕರೆ ಕಾಯಿಲೆಯಿಂದ ಎಡಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದ ಮೇಲೆ ತಾಳಿಕೋಟೆಯ ಮನೆಯಲ್ಲಿ ಕುರ್ಚಿಯೇ ಗತಿಯಾಗಿತ್ತು. ಕೃತಕ ಕಾಲು ಬಂದಿತ್ತು ನಿಜ, ಆದರೆ ಅದರೊಳಗಿನ ಹಾಳಾದ ಮೆತ್ತೆ ಚುಚ್ಚುತ್ತಿತ್ತು.

ಮಗಳು ಯಾಸ್ಮಿನ ವಿಜಯಪುರದ ಪ್ರಯೋಗಾಲಯವೊಂದರಲ್ಲಿ ಹೊಸ ಬಗೆಯ ರಬ್ಬರು ತಯಾರಿಸುವವಳು. ಮೆತ್ತೆ ತಾನೇ ಮಾಡಿಕೊಡುತ್ತೇನೆಂದು ಹಟ ಹಿಡಿದಳು.

"ಅದೇನ ಹಾಕಿ ಮಾಡ್ತಿ?" ಅವ್ವ ಕೇಳಿದಳು.

"ಅದರಾಗ ಉದ್ದುದ್ದ ಎಳಿ ಇರ್ತಾವಬೇ. ಎಳಿಗೆ ಎಳಿ ಗಂಟ ಹಾಕ್ತೇವಿ. ಗಂಟ ಹೆಚ್ಚಾದ್ರ ಬಿರಸು, ಕಡಿಮಿ ಆದ್ರ ಮೆತ್ತಗ."

"ಹಂಗಾರ ಕಡಿಮಿನ ಹಾಕವಾ."

ಕಡಿಮೆಯೇ ಹಾಕಿದಳು. ನೀರಿನಲ್ಲಿ, ಬೆವರಿನಂಥ ಉಪ್ಪುನೀರಿನಲ್ಲಿ ನೆನೆಸಿ ನೋಡಿದಳು, ಏನೂ ಆಗಲಿಲ್ಲ. ಅದನ್ನು ತೊಟ್ಟ ದಿನ ಜೈತುನಬಿ ನಿಂತು ನಮಾಜು ಮುಗಿಸಿ, ಮಗಳ ಮುಖ ಹಿಡಿದು ಅತ್ತುಬಿಟ್ಟಳು.

ಆದರೆ ಆ ಮನೆಯಲ್ಲಿ ಎಣ್ಣೆ ಕಾಣದ ವಸ್ತುವೇ ಇಲ್ಲ. ಚಪ್ಪಲಿ ಬಿರುಕು ಬಿಡಬಾರದೆಂದು ಕುಸುಬಿ ಎಣ್ಣೆ, ಬಾಗಿಲು ಕಿರುಗುಟ್ಟಿದರೆ ಕುಸುಬಿ ಎಣ್ಣೆ, ಕೂಸಿನ ನೆತ್ತಿಗೂ ಅದೇ. ಅಲ್ಲೇ ಹುಟ್ಟಿ ಬೆಳೆದ ಯಾಸ್ಮಿನಳಿಗೆ ಒಂದು ಸಲ ಎಣ್ಣೆಯಲ್ಲಿ ಅದ್ದಿ ನೋಡೋಣವೆಂದು ಹೊಳೆಯಲಿಲ್ಲವಲ್ಲ, ಏನು ಹೇಳೋಣ! ಅವ್ವ ದಿನಾ ಮೆತ್ತೆಗೆ ಎಣ್ಣೆ ತಿಕ್ಕಿದಳು. ಗಂಟು ಕಡಿಮೆಯಿದ್ದ ಆ ಬಲೆಯೊಳಗೆ ಎಣ್ಣೆ ಸಲೀಸಾಗಿ ಹೊಕ್ಕಿತು. ಮೆತ್ತೆ ಉಬ್ಬಿ, ಹರಿದು, ಮಡಿಕೆಬಿದ್ದು ಚರ್ಮವನ್ನು ಉಜ್ಜಿ ಹುಣ್ಣು ಮಾಡಿತು.

ಸಕ್ಕರೆ ಕಾಯಿಲೆಯವರಿಗೆ ಹುಣ್ಣಿನ ನೋವು ತಿಳಿಯುವುದು ತಡವಾಗಿಯೇ. ತಿಳಿದ ಮೇಲೂ ಮುದುಕಿ ಬಾಯಿ ಬಿಡಲಿಲ್ಲ. ಮಗಳ ಕೆಲಸದಲ್ಲಿ ತಪ್ಪು ತೆಗೆಯಲು ಮನಸ್ಸು ಬರಲಿಲ್ಲ, ಮತ್ತೆ ಕುರ್ಚಿಯಲ್ಲಿ ಕೂರುವುದೂ ಬೇಡವಾಗಿತ್ತು. ವಾಸನೆ ಹೊರಟ ಮೇಲೆಯೇ ಯಾಸ್ಮಿನಳಿಗೆ ಗೊತ್ತಾಗಿದ್ದು. ಮೆತ್ತೆ ಹಿಂಡಿದರೆ ಬೆರಳಿಗೆ ಎಣ್ಣೆ ಜಿನುಗಿತು.

"ಇದಕ್ಕ ಎಣ್ಣಿ ಹಚ್ಚಿಯೇನಬೇ?"

"ದಿನಾ ಹಚ್ಚೇನಿ. ನೀ ಮಾಡಿದ್ದು ಒಣಗಿ ಸೀಳಬಾರದಂತ."

ಯಾಸ್ಮಿನಳಿಗೆ ಕೂಗಾಡಬೇಕೆನಿಸಿತು. ಯಾರ ಮೇಲೆ ಕೂಗಾಡುವುದು? ತನ್ನ ಮೇಲೆಯೇ ಹೇಸಿಗೆಯಾಯಿತು.

ವಿಜಯಪುರದ ಆಸ್ಪತ್ರೆ ಸೇರುವಷ್ಟರಲ್ಲಿ ಜ್ವರ ಏರಿ ಅವ್ವನಿಗೆ ಮೈಮೇಲೆ ಎಚ್ಚರವಿರಲಿಲ್ಲ. ಶಸ್ತ್ರಚಿಕಿತ್ಸೆಗೆ ಯಾಸ್ಮಿನಳೇ ಸಹಿ ಹಾಕಿದಳು.

ಮರುದಿನ ಜೈತುನಬಿ ಕಣ್ಣು ಬಿಟ್ಟಳು. ಎದೆಯ ತನಕ ಚಾದರ ಹೊದಿಸಿದ್ದರು.

"ಯಾಸ್ಮಿ, ಇನ್ನೊಂದ ಮೆತ್ತಿ ಮಾಡವಾ. ಈ ಸಲ ನಾ ಎಣ್ಣಿ ಮುಟ್ಟಂಗಿಲ್ಲ. ಬಕ್ರೀದಕ್ಕ ನಿಂತ ನಮಾಜ ಮಾಡ್ತೇನಿ."

"ಮಾಡ್ತೇನಿ ತಗೋಬೇ," ಎಂದಳು ಯಾಸ್ಮಿನ. ಮೊಣಕಾಲೂ ಹೋಗಿದೆಯೆಂದು ಅವ್ವನಿಗೆ ಇನ್ನೂ ಯಾರೂ ಹೇಳಿರಲಿಲ್ಲ.